ಬೆಳಿಗ್ಗೆ ಫ್ರೀ, ಮಧ್ಯಾಹ್ನ ಜಾಮ್: ಮುಂದಿನ ಬ್ರೇಕ್ ಹಿಡಿಯೋದು ಯಾಕೆ?

ನಮಸ್ಕಾರ್ರಿ. ಈ ಗಾಲಿ ನೋಡಿ. ಇದು ಬೆಳಿಗ್ಗೆ ತೆಗೆದ ವಿಡಿಯೋ. ಗಾಡಿ ಡಬಲ್ ಸ್ಟ್ಯಾಂಡ್ ಮೇಲಿದೆ, ಹಿಂದಿನ ಸೀಟು ಒತ್ತಿ ಹಿಡಿದು ಮುಂದಿನ ಗಾಲಿ ಎತ್ತಿದ್ದೇವೆ. ಒಮ್ಮೆ ತಳ್ಳಿದರೆ ಸಾಕು, ಆರಾಮಾಗಿ ತಿರುಗುತ್ತದೆ.

ಈಗ ಇದು ಮಧ್ಯಾಹ್ನದ್ದು. ಅದೇ ಗಾಡಿ, ಶಹಾಬಾದ್‌ನಿಂದ ಕಲಬುರಗಿಗೆ ಬಂದು ನಿಂತ ಕೂಡಲೇ. ಎರಡೂ ಕೈ ಹಾಕಿದರೂ ಗಾಲಿ ಅರ್ಧ ಸುತ್ತು ಬರುತ್ತಿಲ್ಲ. ಡಿಸ್ಕ್ ಮೇಲೆ ಎರಡು ಹನಿ ನೀರು ಹಾಕಿದೆ. ಆ ಚುಂಯ್ ಸದ್ದು ಮೈಕ್‌ನಲ್ಲೂ ಬಂದಿದೆ, ಕೇಳಿ.

ಗಾಡಿ ನಮ್ಮ ಓಣಿಯ ಹುಡುಗನದು. ಶಹಾಬಾದ್‌ನಲ್ಲಿ ಫರಸಿ ಕಲ್ಲಿನ ಕೆಲಸಕ್ಕೆ ಹೋಗುತ್ತಾನೆ. "ಅಣ್ಣಾ, ಗಾಡಿ ಎಳೀತಾನೇ ಇಲ್ರಿ. ಹಿಂದಿಂದ ಯಾರೋ ಹಿಡ್ಕೊಂಡಂಗ ಆಗ್ತದ" ಅಂದ. ಕ್ಲಚ್ ಪ್ಲೇಟ್ ಹೋಗಿರಬೇಕು ಅಂತ ಅವನ ಲೆಕ್ಕ. ಒಂದು ಗ್ಯಾರೇಜ್‌ನಲ್ಲಿ ಪ್ಯಾಡ್ ಬದಲಿಸಿ, ಕ್ಯಾಲಿಪರ್ (ಗಾಲಿ ಹತ್ತಿರ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಕಿಟ್ ಹಾಕಿಸು ಅಂದರಂತೆ. ಗಾಲಿ ಎತ್ತಿ ನೋಡಿಯೇ ಇರಲಿಲ್ಲ!

ಮುಂದಿನ ಬ್ರೇಕ್ ಕೆಟ್ಟಿದೆ ಅಂತ ಬಂದರೆ ನಾನು ಮೊದಲು ಕೇಳುವುದು ಲಿವರ್ ಬಗ್ಗೆ. ಕೈಗೆ ಹೇಗೆ ಸಿಗುತ್ತದೆ? ಮೆತ್ತಗೆ ಒಳಗೆ ಹೋಗಿ, ಎರಡು ಸಲ ಪಂಪ್ ಮಾಡಿದ ಮೇಲೆ ಗಟ್ಟಿ ಆದರೆ ಲೈನ್‌ನಲ್ಲಿ ಏರ್ ಹಿಡಿದಿರುತ್ತದೆ. ಒತ್ತಿ ಹಿಡಿದಾಗ ನಿಧಾನವಾಗಿ ಹ್ಯಾಂಡಲ್ ಕಡೆ ಜಾರುತ್ತಾ ಹೋದರೆ, ಹೊರಗೆ ಒಂದು ಹನಿ ಸೋರಿಕೆ ಕಾಣದಿದ್ದರೂ, ಮಾಸ್ಟರ್ ಸಿಲಿಂಡರ್ (ಹ್ಯಾಂಡಲ್ ಮೇಲೆ, ಲಿವರ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಒಳಗಿನ ರಬ್ಬರ್ ಮೇಲೆ ಅನುಮಾನ ಪಡಬೇಕು. ಸಾಧಾರಣವಾಗಿ ಬ್ರೇಕ್ ಹಾಕಿದಾಗಲೂ ಲಿವರ್ ಬೆರಳಿಗೆ ತಟ್ ತಟ್ ಅಂತ ಬಡಿದರೆ ಡಿಸ್ಕ್ ಸೊಟ್ಟಗಾಗಿರಬಹುದು, ಇಲ್ಲವೇ ಒಂದೊಂದು ಕಡೆ ಒಂದೊಂದು ದಪ್ಪ ಸವೆದಿರಬಹುದು. ಎಬಿಎಸ್ (ಜೋರು ಬ್ರೇಕ್‌ಗೆ ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಹಾಗೆ ಬಡಿದರೆ ಅದು ರೋಗ ಅಲ್ಲ, ಅದರ ಕೆಲಸವೇ ಅದು.

ಕಿರ್ ಅನ್ನೋ ಸದ್ದಿಗೆ ಜಾಸ್ತಿ ಹೆದರಬೇಡಿ. ನಮ್ಮ ಕಡೆ ಕಲ್ಲಿನ ಧೂಳು ಅಷ್ಟಿದೆ. ಮಳೆಗೆ ನೆನೆದ ಗಾಡಿ ಮರುದಿನ ಬೆಳಿಗ್ಗೆ ಒಂದೆರಡು ಬ್ರೇಕ್‌ಗೆ ಸದ್ದು ಮಾಡಿ ಸುಮ್ಮನಾಗುವುದೂ ಸಹಜ, ಡಿಸ್ಕ್ ಮೇಲಿನ ತೆಳು ತುಕ್ಕು ಉಜ್ಜಿ ಹೋಗುತ್ತದೆ. ಆದರೆ ಕಬ್ಬಿಣಕ್ಕೆ ಕಬ್ಬಿಣ ತಾಗುವ ಗರಗರ ಸದ್ದು ಬೇರೆ. ಅದು ಬಂದರೆ ಅಲ್ಲೇ ನಿಲ್ಲಿಸಿ.

ಈ ಹುಡುಗನ ಲಿವರ್ ಇದ್ಯಾವುದೂ ಅಲ್ಲ. ಮಧ್ಯಾಹ್ನ ಅದು ಕಲ್ಲು. ಮುಟ್ಟಿದ ಕೂಡಲೇ ಗಟ್ಟಿ, ಆಟವೇ ಇಲ್ಲ. ಬೆಳಿಗ್ಗೆ ಅಷ್ಟಿಲ್ಲ. ನನ್ನ ಅನುಮಾನ ಕೆಳಗಿನ ಕ್ಯಾಲಿಪರ್ ಬಿಟ್ಟು ಮೇಲೆ ಹ್ಯಾಂಡಲ್ ಕಡೆ ತಿರುಗಿದ್ದು ಅಲ್ಲೇ.

ಯಾಕೆ ಅಂತ ಹೇಳುತ್ತೇನೆ. ಮಾಸ್ಟರ್ ಸಿಲಿಂಡರ್‌ನಲ್ಲಿ ಆಯಿಲ್ ಡಬ್ಬಿಗೆ ಹೋಗುವ ಸೂಜಿಮೊನೆಯಷ್ಟು ಸಣ್ಣ ತೂತು ಇರುತ್ತದೆ. ಲಿವರ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದೆ ಬಂದು ಆ ತೂತು ತೆರೆಯಬೇಕು. ಆಯಿಲ್ ಬಿಸಿಯಾಗಿ ಹಿಗ್ಗಿದರೆ ಆ ದಾರಿಯಿಂದಲೇ ಡಬ್ಬಿಗೆ ವಾಪಸ್ ಹೋಗುತ್ತದೆ. ತೂತು ಮುಚ್ಚಿಕೊಂಡರೆ? ಹಿಗ್ಗಿದ ಆಯಿಲ್‌ಗೆ ಜಾಗ ಇಲ್ಲ, ಅದು ಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ. ಪ್ಯಾಡ್ ಉಜ್ಜಿ ಇನ್ನೂ ಬಿಸಿ, ಆಯಿಲ್ ಇನ್ನೂ ಹಿಗ್ಗುತ್ತದೆ. ಗಾಡಿ ಓಡಿದಷ್ಟೂ ಹಿಡಿತ ಬಿಗಿ. ತಣ್ಣಗಾದರೆ ಏನೂ ಆಗಿಲ್ಲದ ಹಾಗೆ ಇರುತ್ತದೆ. ಗ್ಯಾರೇಜ್‌ಗೆ ಬೆಳಿಗ್ಗೆ ಒಯ್ದರೆ ರೋಗ ಸಿಗದೇ ಇರುವುದು ಇದಕ್ಕೇ.

ಈಗ ಕ್ಯಾಮೆರಾ ಹತ್ತಿರ ತಂದಿದ್ದೇನೆ. ಡಬ್ಬಿಯ ಮುಚ್ಚಳ ತೆಗೆದಿದೆ. ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹಾಕಿದ್ದೇನೆ, ಈ ಆಯಿಲ್ ಪೇಂಟ್ ತಿಂದುಬಿಡುತ್ತದೆ. ಲಿವರನ್ನು ಒಂಚೂರು ಒತ್ತುತ್ತೇನೆ. ಸರಿ ಇರುವ ಗಾಡಿಯಲ್ಲಿ ಒತ್ತಲು ಶುರು ಮಾಡಿದ ಕೂಡಲೇ ಆ ತೂತಿನ ಮೇಲೆ ಆಯಿಲ್ ಸಣ್ಣಗೆ ಚಿಮ್ಮಿ ಅಲೆ ಏಳಬೇಕು. ಇಲ್ಲಿ ನೋಡಿ, ಅಲುಗಾಡುತ್ತಿಲ್ಲ. ನೀವು ಮಾಡುವಾಗ ಮುಖ ಬಗ್ಗಿಸಿ ನೋಡಬೇಡಿ, ಕಣ್ಣಿಗೆ ಹಾರುತ್ತದೆ.

ತೂತಿನಲ್ಲಿ ಕಸ ಕೂತಿರಬಹುದು, ಇಲ್ಲ ಪಿಸ್ಟನ್ ಪೂರ್ತಿ ಹಿಂದೆ ಬರುತ್ತಿಲ್ಲ. ಖರ್ಚಿಲ್ಲದ ಪರೀಕ್ಷೆ ಮೊದಲು. ಮುಚ್ಚಳ ಹಾಕಿ, ಮತ್ತೆ ಒಂದು ಸುತ್ತು ಓಡಿಸಿ ಬಿಸಿ ಮಾಡಿ ತಂದೆವು. ಗಾಲಿ ಹಿಡಿದಿರುವಾಗಲೇ ಲಿವರ್‌ನ ಬೋಲ್ಟ್ ಬಿಚ್ಚಿ ಲಿವರ್ ಎಳೆದೆ. ಪಿಸ್ಟನ್ ಕೂದಲೆಳೆಯಷ್ಟು ಹೊರಗೆ ಬಂತು. "ಈಗ ತಿರುಗಿಸೋ" ಅಂದೆ. ತಿರುಗಿತು! ಒಂದು ಹನಿ ಆಯಿಲ್ ಚೆಲ್ಲಿಲ್ಲ.

"ಲಿವರ್ ಯಾವಾಗ ಬದಲಿಸಿದ್ದಿ?" ಅಂತ ಕೇಳಿದರೆ, "ಗಾಡಿ ಬಿದ್ದಿತ್ರಿ, ಗಂಜ್ ಕಡೆ ಒಂದು ಅಂಗಡ್ಯಾಗ ಲೋಕಲ್ ತಗೊಂಡೆ" ಅಂದ. ಹಳೆಯ ಮುರಿದ ಲಿವರ್ ಮನೆಯಲ್ಲೇ ಇತ್ತು. ಎರಡನ್ನೂ ಪಕ್ಕ ಇಟ್ಟಿದ್ದೇನೆ. ಪಿಸ್ಟನ್‌ಗೆ ತಾಗುವ ಈ ಮೂತಿ ಹೊಸದರಲ್ಲಿ ದಪ್ಪ. ಬ್ರೇಕ್ ಹಿಡಿಯದಿದ್ದರೂ ಅದು ಪಿಸ್ಟನ್ ಒತ್ತಿಕೊಂಡೇ ಇತ್ತು.

ಅರ ಹಾಕಿ ಉಜ್ಜಿಬಿಡಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬ್ರೇಕ್ ಲಿವರ್ ವಿಷಯದಲ್ಲಿ ಅಂದಾಜಿನ ಕೆಲಸ ಬೇಡ. ಕಂಪನಿಯದೇ ಹಾಕಿಸಿದೆವು.

ಲಿವರ್ ತೆಗೆದ ಮೇಲೂ ಗಾಲಿ ಬಿಡದಿದ್ದರೆ ಕ್ಯಾಲಿಪರ್‌ನ ಬ್ಲೀಡ್ ನಟ್ (ಆಯಿಲ್, ಗಾಳಿ ಹೊರಬಿಡುವ ನಟ್) ಸ್ವಲ್ಪ ಸಡಿಲಿಸಿ ನೋಡಬಹುದು. ಆಯಿಲ್ ಚಿಮ್ಮಿ ಗಾಲಿ ಫ್ರೀ ಆದರೆ ಪ್ರೆಶರ್ ಒಳಗೆ ಸಿಕ್ಕಿಹಾಕಿಕೊಂಡಿತ್ತು, ತೂತಿನ ಕಸ ಅಥವಾ ಒಳಗೆ ಊದಿದ ಹೋಸ್ ಪೈಪ್ ನೋಡಿ. ಆಗಲೂ ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ ಅಥವಾ ಕ್ಯಾಲಿಪರ್ ಜರುಗುವ ಸ್ಲೈಡ್ ಪಿನ್ ಜಾಮ್.

ಇಷ್ಟು ದಿನ ಬಿಸಿಯಾದ ಆಯಿಲ್ ಅಂತ ಅದನ್ನೂ ಬದಲಿಸಿದೆವು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಅಂಕಿ 155ಕ್ಕೆ ಇಳಿಯಬಹುದು. ಕುದಿದು ಗುಳ್ಳೆ ಎದ್ದರೆ ಲಿವರ್ ಸೀದಾ ಹ್ಯಾಂಡಲ್‌ಗೆ ಬರುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಅಂತ ಬರೆದಿರುತ್ತದೋ ಅದನ್ನೇ ಹಾಕಿ.

ಸ್ಲೈಡ್ ಪಿನ್ ಒಣಗಿದ್ದವು. ಒರೆಸಿ ಸಿಲಿಕಾನ್ ಗ್ರೀಸ್ ಹಚ್ಚಿದೆವು, ಮಾಮೂಲಿ ಗ್ರೀಸ್ ರಬ್ಬರ್ ಊದಿಸುತ್ತದೆ. ಪ್ಯಾಡ್‌ನ ಸವೆತ ತೋರಿಸುವ ಗೆರೆ ಇನ್ನೂ ಕಾಣುತ್ತಿತ್ತು. ಎಮರಿ ಪೇಪರ್‌ನಿಂದ ಮೇಲಿನ ಹೊಳಪು ತೆಗೆದು ಅವನ್ನೇ ವಾಪಸ್ ಹಾಕಿದ್ದೇವೆ.

ಕ್ಯಾಲಿಪರ್ ಬಿಚ್ಚಿ ಜೋಡಿಸಿದ ಮೇಲೆ ಮೊದಲ ಒತ್ತಿಗೆ ಲಿವರ್ ಖಾಲಿ ಹೋಗುತ್ತದೆ. ಗಾಡಿ ಸ್ಟ್ಯಾಂಡ್ ಮೇಲಿರುವಾಗಲೇ ಗಟ್ಟಿ ಸಿಗುವವರೆಗೆ ಪಂಪ್ ಮಾಡಿ. ಆಮೇಲೆ ಓಣಿಯೊಳಗೇ ನಿಧಾನವಾಗಿ ಎರಡು ಮೂರು ಸಲ ಬ್ರೇಕ್ ಹಾಕಿ ನೋಡಿ, ರಿಂಗ್ ರೋಡ್ ಹತ್ತುವ ಮೊದಲು.