ಚಿಕ್ಕಮ್ಮನ ಗಿಡ, ಗಿಡದೊಳಗಿನ ಹಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಹಲ್ಲಿ ಬಗ್ಗೆ ರೇಡಿಯೋದಲ್ಲಿ ಮಾತಾಡ್ತೀನಿ ಅಂದಾಗ ನಮ್ಮತ್ತೆ, ಬೇರೆ ಏನೂ ಸಿಗ್ಲಿಲ್ವಾ ನಿಂಗೆ ಅಂದ್ರು. ಅವ್ರಿಗೆ ಹಲ್ಲಿ ಅಂದ್ರೆ ಒಂದೋ ಪೊರಕೆ, ಇಲ್ಲಾ ಪಂಚಾಂಗ. ಆದ್ರೆ ಅದು ಲೊಚಗುಟ್ಟಿದ್ರೆ ಮಾತ್ರ ನೆಲಕ್ಕೆ ಬೆರಳು ಕುಟ್ಟಿ ಕೃಷ್ಣ ಕೃಷ್ಣ ಅಂತಾರೆ.

ಮೂಡಿಗೆರೆ ಹತ್ರ ನಮ್ಮ ಚಿಕ್ಕಮ್ಮಂದು ಕಾಫಿ ತೋಟ. ಹೂಮಳೆ ಆದ ಮುಂದಿನ ವಾರ ಹಾಸನದಿಂದ ಬಸ್ ಹತ್ತಿ ಹೋಗಿದ್ದೆ. ತೋಟ ಎಲ್ಲಾ ಬೆಳ್ಳಗೆ ಹೂ ಬಿಟ್ಟಿತ್ತು, ಚಿಕ್ಕಪ್ಪ ಅದನ್ನ ತೋರ್ಸೋಕೆ ಅಂತ ಕಾಯ್ತಿದ್ರೆ ಚಿಕ್ಕಮ್ಮ ನನ್ನ ಕೈ ಹಿಡ್ಕೊಂಡು ಸೀದಾ ಮನೆ ಹಿಂದಕ್ಕೆ ಎಳ್ಕೊಂಡೋದ್ರು. ಅಲ್ಲಿರೋದು ಅವರ ಬ್ರೊಮಿಲಿಯಾಡ್ ಗಿಡಗಳು. ಹೆಸರು ಕೇಳಿ ಗಾಬರಿ ಆಗ್ಬೇಡಿ, ಅನಾನಸ್ ಹಣ್ಣಿನ ತಲೆ ಮೇಲೆ ಜುಟ್ಟು ಇರುತ್ತಲ್ಲ, ಅದೇ ಜುಟ್ಟಿಗೆ ಕೆಂಪು, ಹಳದಿ, ನೇರಳೆ ಬಣ್ಣ ಬಳಿದ ಹಾಗೆ. ಅನಾನಸ್ಸೂ ಇದೇ ಕುಟುಂಬದ್ದು. ಎಲ್ಲಾ ಅಮೆರಿಕಾ ಖಂಡದ ಗಿಡಗಳು, ಒಂದೇ ಒಂದು ಜಾತಿ ಮಾತ್ರ ಅದು ಹೆಂಗೋ ಪಶ್ಚಿಮ ಆಫ್ರಿಕಾದಲ್ಲಿದೆ.

ಹಾಲುವಾಣದ ಮರಕ್ಕೆ ತೆಂಗಿನ ಸಿಪ್ಪೆ ಇಟ್ಟು ಹಗ್ಗದಲ್ಲಿ ಕಟ್ಟಿದಾರೆ. ಮೊದಲ ವರ್ಷ ಕೆಲಸಕ್ಕೆ ಬಂದೋರೊಬ್ರು, ಅಮ್ಮಾ ಮರಕ್ಕೆ ಬಂದಳಿಕೆ ಬಂದಿದೆ ಕಿತ್ತಾಕ್ಲಾ ಅಂದಿದ್ರಂತೆ. ಬಂದಳಿಕೆ ಕೊಂಬೆ ಒಳಗೆ ಬೇರು ಬಿಟ್ಟು ರಸ ಹೀರುತ್ತೆ, ಇದು ಹಂಗಲ್ಲ, ನಮ್ಮ ಸೀತಾಳೆ ದಂಡೆ ಥರ ಮರಾನ ಬರೀ ಹಿಡ್ಕೊಂಡಿರುತ್ತೆ. ನೀರು ಕುಡಿಯೋದು ಎಲೆಯಿಂದ. ಎಲೆ ಬುಡ ಒಂದಕ್ಕೊಂದು ಕೂಡಿ ಬಟ್ಟಲು ಆಗಿ, ಮಳೆ ಬಂದ್ರೆ ಅದ್ರಲ್ಲಿ ನೀರು ನಿಲ್ಲುತ್ತೆ, ಉದುರಿದ ಎಲೆ ಕೊಳೆಯುತ್ತೆ, ಅದೇ ಗೊಬ್ಬರ. ದಕ್ಷಿಣ ಅಮೆರಿಕಾದ ಕಾಡಲ್ಲಿ ಕೆಲವು ಪುಟ್ಟ ಕಪ್ಪೆಗಳು ಮರಿಗಳನ್ನ ಬೆನ್ನ ಮೇಲೆ ಹೊತ್ಕೊಂಡು ಬಂದು ಈ ಬಟ್ಟಲಿಗೇ ಬಿಡ್ತಾವೆ. ಸೊಳ್ಳೇನೂ ಮೊಟ್ಟೆ ಇಡುತ್ತೆ, ಅದಕ್ಕೆ ಚಿಕ್ಕಮ್ಮ ವಾರಕ್ಕೊಂದ್ಸಲ ಪೈಪ್ ಹಿಡಿದು ಹಳೇ ನೀರು ಚೆಲ್ಲಿಸಿ ಹೊಸ ನೀರು ತುಂಬ್ತಾರೆ.

ನೋಡೇ, ಅಲ್ಲಾಡ್ಬೇಡ ಅಂದ್ರು. ಸಂಜೆ ಆಗ್ತಿತ್ತು. ಕೆಂಪು ಎಲೆ ಮೇಲೆ ಮಾಮೂಲಿ ಮನೆ ಹಲ್ಲಿ, ನಮ್ಮ ಟ್ಯೂಬ್‌ಲೈಟ್ ಹತ್ರ ಇರುತ್ತಲ್ಲ ಅದೇ, ತಲೆ ಕೆಳಗೆ ಮಾಡಿ ಬಟ್ಟಲಿಗೆ ಇಳಿದು ಬೆಕ್ಕಿನ ಹಂಗೆ ನಾಲಗೆ ಚಾಚಿ ನೀರು ನೆಕ್ಕೋಕೆ ಶುರು ಮಾಡ್ತು. ಗಂಟಲು ಸಣ್ಣಗೆ ಮಿಡೀತಿತ್ತು. ಕುಡಿದು ಮುಗಿಸಿ ಅದೇ ನಾಲಗೆನ ಮೇಲೆತ್ತಿ ಕಣ್ಣು ಒರೆಸ್ಕೊಳ್ತು. ಅದಕ್ಕೆ ರೆಪ್ಪೆ ಇಲ್ಲ, ಮುಚ್ಚೋಕಾಗಲ್ಲ, ಕಣ್ಣ ಮೇಲಿರೋ ಪಾರದರ್ಶಕ ಪೊರೆನ ನಾಲಗೆಯಲ್ಲೇ ತೊಳ್ಕೋಬೇಕು. ನಲವತ್ತು ವರ್ಷ ಒಂದೇ ಮನೇಲಿ ಇದ್ರೂ ನಾನು ಇದನ್ನ ನೋಡಿರ್ಲಿಲ್ಲ.

ಚಿಕ್ಕಮ್ಮಂಗೆ ಆಸೆ ಬೇರೆ. ಹವಾಯಿಯಲ್ಲಿ ಇದೇ ಗಿಡಗಳ ಮೇಲೆ ಹಸಿರು ಮೈಗೆ ಚಿನ್ನದ ಪುಡಿ ಉದುರಿಸಿದಂಥ ಹಲ್ಲಿ ಓಡಾಡೋದನ್ನ ಫೋನಲ್ಲಿ ನೋಡಿದಾರೆ, ಅದು ನಮಗೆ ಸಿಗುತ್ತಾ ಅಂತ. ಅದು ಮಡಗಾಸ್ಕರ್ ಕಡೇದು ಚಿಕ್ಕಮ್ಮ, ಜನ ತಂದು ಬಿಟ್ಟು ಹವಾಯಿಯಲ್ಲಿ ಹಬ್ಬಿದೆ, ನಿಮಗ್ಯಾಕೆ ಅಂದೆ. ಹಗಲು ಓಡಾಡಿ ಹೂವಿನ ಮಕರಂದ ನೆಕ್ಕೋ ಹಲ್ಲಿ ಅದು. ಹಗಲು ಹಲ್ಲಿ ಬೇಕು ಅಂದ್ರೆ ನಮ್ಮ ಪಶ್ಚಿಮ ಘಟ್ಟದಲ್ಲೇ ನೆಮಾಸ್ಪಿಸ್ ಅನ್ನೋ ಗುಂಪಿದೆ, ದುಂಡು ಕಣ್ಣು, ತೊಗಟೆ ಬಣ್ಣ, ಎದುರಿಗಿದ್ರೂ ಕಾಣಲ್ಲ. 2020ರಲ್ಲಿ ನಮ್ಮ ಸಕಲೇಶಪುರದ ಹತ್ರದ್ದೇ ಒಂದಕ್ಕೆ ವಿಜ್ಞಾನಿಗಳು ನೆಮಾಸ್ಪಿಸ್ ಮ್ಯಾಗ್ನಿಫಿಕಾ ಅಂತ ಹೆಸರಿಟ್ರು. ಮ್ಯಾಗ್ನಿಫಿಕಾ ಅಂದ್ರೆ ಭವ್ಯ, ಹಲ್ಲಿಗೆ! ಇವಕ್ಕೆ ಮನೆ ಹಲ್ಲಿ ಥರ ಬೆರಳಲ್ಲಿ ಅಂಟೋ ಪಟ್ಟಿ ಇಲ್ಲ, ಉಗುರಲ್ಲೇ ಹತ್ತಬೇಕು. ಮನೆ ಹಲ್ಲೀದೂ ಅಂಟಲ್ಲ ಬಿಡಿ, ಬೆರಳಡಿ ಲಕ್ಷಗಟ್ಟಲೆ ಸೂಕ್ಷ್ಮ ಕೂದಲು, ಅವು ಗೋಡೆಗೆ ಅಷ್ಟು ಹತ್ರ ಕೂರೋದ್ರಿಂದ ಅಣುಗಳ ಸೆಳೆತಕ್ಕೇ ಮೈ ನಿಲ್ಲುತ್ತೆ.

ವಿಷ ಅಲ್ವೇನೇ ಅಂತ ಚಿಕ್ಕಪ್ಪ ಕೇಳಿದ್ರು. ವಿಷ ಇಲ್ಲ, ಆದ್ರೆ ಅದರ ಹೊಟ್ಟೇಲಿ ಸಾಲ್ಮೊನೆಲ್ಲಾ ಅನ್ನೋ, ನಮ್ಮ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಇರ್ಬೋದು, ಹಲ್ಲಿ ಬಿದ್ದ ಸಾರು ಚೆಲ್ಲಿಬಿಡಿ.

ಹೊರಡುವಾಗ ಹೂ ಬಿಟ್ಟು ಮುಗಿದ ಒಂದು ಗಿಡ ಕಿತ್ತು ಪೇಪರ್‌ನಲ್ಲಿ ಸುತ್ತಿ ಕೊಟ್ರು. ಬ್ರೊಮಿಲಿಯಾಡ್ ಸಾಮಾನ್ಯವಾಗಿ ಒಂದೇ ಸಲ ಹೂ ಬಿಟ್ಟು, ಬುಡದಲ್ಲಿ ಮರಿ ಹಾಕಿ, ಬಾಳೆ ಥರ ತಾಯಿ ನಿಧಾನಕ್ಕೆ ಹೋಗ್ಬಿಡುತ್ತೆ. ಮನೆಗೆ ಬಂದು ಒಣಗಿದ ಎಲೆ ಬಿಡಿಸ್ತಿದ್ರೆ ಸಂದೀಲಿ ಎರಡು ಬಿಳಿ ಮೊಟ್ಟೆ, ಕಾಬೂಲ್ ಕಡಲೆ ಗಾತ್ರ, ಒಂದಕ್ಕೊಂದು ಅಂಟಿದ ಹಂಗೆ. ಹಾಗೇ ಮೆಲ್ಲಗೆ, ಮಗುಚದೆ, ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ ಕಿಟಕಿ ಮೇಲಿಟ್ಟಿದೀನಿ, ಒಂದೂವರೆ ಎರಡು ತಿಂಗಳು ಬೇಕಂತೆ. ಅತ್ತೆ ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ಕನ್ನಡಕ ಹಾಕ್ಕೊಂಡು ಪಂಚಾಂಗ ತಿರುವಿ ಹಾಕ್ತಿದ್ರು. ತಲೆ ಮೇಲೆ ಬಿದ್ರೆ ಏನು, ಭುಜದ ಮೇಲೆ ಬಿದ್ರೆ ಏನು ಎಲ್ಲಾ ಬರ್ದಿದೆ ಕಣೇ, ಮನೇಲೇ ಹುಟ್ಟಿದ್ರೆ ಏನು ಫಲ ಅಂತ ಮಾತ್ರ ಎಲ್ಲೂ ಇಲ್ಲ ಅಂದ್ರು.

ನಮಸ್ಕಾರ.