ಐದು ಸ್ಟಾರ್ ಕೊಟ್ಟಿದ್ದು ಯಾವತ್ತು?

ಈ ಬಾನೆಟ್ ನೋಡಿ. ನೀರು ಮುತ್ತು ಮುತ್ತಾಗಿ ಉರುಳುತ್ತಿದೆ. ವ್ಯಾಕ್ಸ್ ಹಚ್ಚಿದ ಮಾರನೇ ದಿನ ತೆಗೆದ ವಿಡಿಯೋ ಇದು. ಅವತ್ತೇ ಕೂತು ಆನ್‌ಲೈನ್ ರಿವ್ಯೂನಲ್ಲಿ ಆ ವ್ಯಾಕ್ಸ್‌ಗೆ ಐದು ಸ್ಟಾರ್ ಕೊಟ್ಟೆ, ಫೋಟೋನೂ ಹಾಕಿದೆ.

ಈಗ ಇದು ನೋಡಿ. ಅದೇ ಕಾರು, ಅದೇ ಬಾನೆಟ್. ಎರಡು ತಿಂಗಳಾಗಿದೆ, ಏಳು ಸಲ ತೊಳೆದಿದ್ದೇನೆ. ನೀರು ಹನಿಯಾಗಿ ನಿಲ್ಲುತ್ತಲೇ ಇಲ್ಲ, ಹಾಗೇ ಹರಡಿಕೊಳ್ಳುತ್ತಿದೆ. ವ್ಯಾಕ್ಸ್ ಹೆಚ್ಚುಕಡಿಮೆ ಹೋಗಿದೆ. ಆದರೆ ನಾನು ಕೊಟ್ಟ ಐದು ಸ್ಟಾರ್ ಮಾತ್ರ ಅಲ್ಲೇ ಇದೆ. ಅದನ್ನು ನೋಡಿ ಯಾರೋ ಕೊಂಡಿರಬಹುದು, ಅಲ್ವಾ?

ನಕಲಿ ರಿವ್ಯೂ ಬಗ್ಗೆ ಎಲ್ಲರಿಗೂ ಗೊತ್ತು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅದನ್ನು ಮಾರುವುದನ್ನೂ ಕೊಳ್ಳುವುದನ್ನೂ ನಿಷೇಧಿಸಿತು. ನನ್ನನ್ನು ಕಾಡುವುದು ಪ್ರಾಮಾಣಿಕ ರಿವ್ಯೂ. ನಾನು ಸುಳ್ಳು ಬರೆದಿರಲಿಲ್ಲ, ಬೇಗ ಬರೆದಿದ್ದೆ. ವ್ಯಾಕ್ಸ್‌ನ ಕೆಲಸ ಬಿಸಿಲು, ಮಳೆ, ಧೂಳಿನಲ್ಲಿ ಬಾಳುವುದು. ಮೊದಲ ದಿನ ಎಲ್ಲಾ ವ್ಯಾಕ್ಸೂ ಹೊಳೆಯುತ್ತದೆ.

ಕಾಂಪೌಂಡ್, ಅಂದರೆ ಗೀರು ಹೋಗಲು ಕಾರಿಗೆ ಉಜ್ಜುವ ಪೇಸ್ಟ್, ಅದರ ವಿಷಯ ಇನ್ನೂ ಸೂಕ್ಷ್ಮ. ‘ಗೀರೆಲ್ಲಾ ಮಾಯ, ಕಾರು ಹೊಸದರಂತಾಯಿತು’ ಅಂತ ಜನ ಬರೆಯುತ್ತಾರೆ. ನಿಜವೇ. ಆದರೆ ಗೀರು ಮಾಯವಾಗುವುದು ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಸವೆಯುವುದರಿಂದ. ಆ ಪದರ ಸಾಮಾನ್ಯವಾಗಿ 40–50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನ ಇಪ್ಪತ್ತನೇ ಒಂದು ಭಾಗದಷ್ಟು. ಸವೆದದ್ದು ಮತ್ತೆ ಬೆಳೆಯಲ್ಲ. ಇವತ್ತಿನ ಹೊಳಪಿಗೆ ಸ್ಟಾರ್ ಸಿಗುತ್ತದೆ, ತೆಳುವಾದ ಪದರ ಆ ಲೆಕ್ಕಕ್ಕೇ ಬರುವುದಿಲ್ಲ.

ಕಾರಿನ ಬಣ್ಣ ಕಾಪಾಡಲು ಮೇಲೆ ಹಚ್ಚುವ ಸೆರಾಮಿಕ್ ಕೋಟಿಂಗ್‌ನ ರಿವ್ಯೂಗಳಲ್ಲಿ ‘9ಎಚ್ ಇದೆ, ಗೀರೇ ಬೀಳಲ್ಲ’ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ತುಂಬಾ ಜನ ಇದನ್ನು ಖನಿಜಗಳ ಗಡಸುತನ ಅಳೆಯುವ, ವಜ್ರಕ್ಕೆ ಹತ್ತು ಕೊಡುವ ಮೋಸ್ (Mohs) ಅಳತೆ ಅಂದುಕೊಂಡಿದ್ದಾರೆ. ಇದು ಪೆನ್ಸಿಲ್ ಅಳತೆ. 9ಎಚ್ ಪೆನ್ಸಿಲ್ ಒತ್ತಿ ಎಳೆದರೂ ಗೀರು ಬೀಳಲಿಲ್ಲ, ಅಷ್ಟೇ ಅದರ ಅರ್ಥ. ರಸ್ತೆ ಧೂಳಿನಲ್ಲಿರುವ ಮರಳಿನ ಕಣ ಪೆನ್ಸಿಲ್ ಮೊನೆಗಿಂತ ತುಂಬಾ ಗಟ್ಟಿ. ಧೂಳು ಕೂತ ಕಾರನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಕೋಟಿಂಗ್ ಇದ್ದರೂ ಗೀರು ಬೀಳುತ್ತದೆ.

ಕಾರಿನ ಬಣ್ಣ ಬರೆದಿದ್ದಾರಾ ಅಂತಲೂ ನಾನು ಈಗ ನೋಡುತ್ತೇನೆ. ಜೇಡರ ಬಲೆ ಥರದ ಸಣ್ಣ ಗೀರು ಬಿಳಿ ಕಾರಿನಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಕಪ್ಪು ಕಾರು ಏನನ್ನೂ ಮುಚ್ಚಿಡುವುದಿಲ್ಲ. ಹಾಗಾಗಿ ಕಪ್ಪು ಕಾರಿನವರು ನಾಲ್ಕು ತಿಂಗಳ ನಂತರ ಬರೆದ ಮೂರು ಸ್ಟಾರ್ ರಿವ್ಯೂ ಒಂದೇ ಒಂದು ಸಿಕ್ಕರೂ ನನಗೆ ಖುಷಿ.

ಎಂಜಿನ್ ಆಯಿಲ್‌ಗೆ ಸ್ಟಾರ್ ನೋಡಲೇಬೇಡಿ. ಕಾರಿನ ಮ್ಯಾನುಯಲ್‌ನಲ್ಲಿ ಯಾವ ಗ್ರೇಡ್ ಹೇಳಿದ್ದಾರೋ ಅದನ್ನೇ ಹಾಕಿ.

ನಿನ್ನೆ ರಾತ್ರಿ ನನ್ನ ಹಳೇ ರಿವ್ಯೂ ತಿದ್ದಿದೆ. ಈಗ ಮೂರು ಸ್ಟಾರ್ ಇದೆ. ಕಾರಿನ ಬಣ್ಣ, ಎಷ್ಟು ಸಲ ತೊಳೆದೆ, ಎಷ್ಟು ದಿನ ಬಾಳಿತು, ಎಲ್ಲಾ ಬರೆದೆ. ಮೊದಲ ದಿನದ ಫೋಟೋ ತೆಗೆದುಹಾಕಲಿಲ್ಲ. ಅದರ ಪಕ್ಕದಲ್ಲೇ ಈ ಬಾನೆಟ್‌ನ ಫೋಟೋ ಹಾಕಿದ್ದೇನೆ.