ಬ್ಯಾಂಕಿನಲ್ಲಿ ಕೆಲಸ, ಜೊತೆಗೇ ಡಿಗ್ರಿ

ನಮಸ್ಕಾರ. ಇಂಗ್ಲೆಂಡಿನಲ್ಲಿರುವ ಕನ್ನಡದ ಮನೆಗಳಲ್ಲಿ ಯಾರ ಮಗನೋ ಮಗಳೋ ಈಗ ಇಯರ್ 12 ಅಥವಾ 13ರಲ್ಲಿ, ಅಂದರೆ ಶಾಲೆಯ ಕೊನೆಯ ಎರಡು ವರ್ಷಗಳಲ್ಲಿ, ಇದ್ದರೆ ಸ್ವಲ್ಪ ಹೊತ್ತು ರೇಡಿಯೊ ಹತ್ತಿರ ಬನ್ನಿ. ಮಕ್ಕಳನ್ನೂ ಕರೆಯಿರಿ. ದೊಡ್ಡ ಬ್ಯಾಂಕುಗಳ ಟೆಕ್ನಾಲಜಿ ವಿಭಾಗದಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್ ಅಂತ ಒಂದು ದಾರಿ ಇದೆ, ಅಂದರೆ ಸಂಬಳಕ್ಕೆ ಕೆಲಸ ಮಾಡುತ್ತಲೇ ಡಿಗ್ರಿ ಓದುವುದು. ನಾನು ಅಂಥದೇ ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಈ ಮಕ್ಕಳ ಪಕ್ಕದಲ್ಲೇ ದಿನಾ ಕೂರುತ್ತೇನೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಇದು ಪೂರ್ತಿ ಡಿಗ್ರಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ? ಯಾವ ಹಬ್ಬದೂಟಕ್ಕೆ ಹೋದರೂ ಅದೇ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. "ಅಲ್ರೀ, ಮೊದಲು ಡಿಗ್ರಿ ಮುಗಿಸಲಿ, ಆಮೇಲೆ ಬೇಕಾದರೆ ಅಪ್ರೆಂಟಿಸ್ ಆಗಲಿ ಬಿಡಿ" ಅನ್ನುತ್ತಾರೆ. ಡಿಗ್ರಿ ಇದರೊಳಗೇ ಇದೆ ಸ್ವಾಮಿ! ಇಂಗ್ಲೆಂಡಿನಲ್ಲಿ ಇದು ಶುರುವಾಗಿದ್ದು 2015ರಲ್ಲಿ. ಎ ಲೆವೆಲ್, ಅಂದರೆ ಶಾಲೆಯ ಕೊನೆಯ ಪರೀಕ್ಷೆ, ಮುಗಿಸಿದ ಮಕ್ಕಳು ನೇರವಾಗಿ ಬ್ಯಾಂಕಿಗೆ ಸೇರುತ್ತಾರೆ. ಮೊದಲ ತಿಂಗಳಿಂದ ಸಂಬಳ. ಓದುವುದಕ್ಕೆ ಕೆಲಸದ ಹೊತ್ತಿನಲ್ಲೇ ಸಮಯ ಬಿಟ್ಟುಕೊಡುತ್ತಾರೆ, ಆ ಹೊತ್ತಿಗೂ ಸಂಬಳ ಬರುತ್ತದೆ. ಮೂರು-ನಾಲ್ಕು ವರ್ಷದಲ್ಲಿ ಬಿ.ಎಸ್ಸಿ. ಸರ್ಟಿಫಿಕೇಟು ಕೊಡುವುದು ವಿಶ್ವವಿದ್ಯಾಲಯವೇ. ಗೋಲ್ಡ್‌ಮನ್ ಸ್ಯಾಕ್ಸ್‌ಗೆ ಸೇರಿದ ಮಕ್ಕಳು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ಓದಿದ್ದಾರೆ. ಜೆ.ಪಿ. ಮಾರ್ಗನ್ ಮಕ್ಕಳು ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಓದಿದ್ದಾರೆ. ಇನ್ನೇನು ಬೇಕು ಹೇಳಿ?

ಫೀಸು? ಮನೆಯವರು ಒಂದು ಪೌಂಡ್ ಕೂಡ ಕಟ್ಟಬೇಕಿಲ್ಲ. ವರ್ಷದ ಸಂಬಳದ ಬಿಲ್ಲು 30 ಲಕ್ಷ ಪೌಂಡ್ ದಾಟಿದ ಕಂಪನಿಗಳೆಲ್ಲ 2017ರ ಏಪ್ರಿಲ್‌ನಿಂದ ಸರ್ಕಾರಕ್ಕೆ ಶೇಕಡಾ 0.5ರ ಲೆವಿ, ಅಂದರೆ ಅಪ್ರೆಂಟಿಸ್ ತರಬೇತಿಗೆಂದೇ ಒಂದು ತೆರಿಗೆ, ಕಟ್ಟಬೇಕು. ದೊಡ್ಡ ಬ್ಯಾಂಕು ಹೇಗೂ ಕಟ್ಟಿರುತ್ತದೆ. ನಿಮ್ಮ ಮಗುವಿನ ಫೀಸು ಹೋಗುವುದು ಆ ಹಣದಿಂದ. ಅದೇ ಮಾಮೂಲಿ ಡಿಗ್ರಿಗೆ ಸೇರಿಸಿದರೆ 2025–26ರಲ್ಲಿ ವರ್ಷಕ್ಕೆ 9,535 ಪೌಂಡ್‌ವರೆಗೂ ಫೀಸಿತ್ತು, ಊಟ-ಬಾಡಿಗೆ ಬೇರೆ. ಆ ಸಾಲ ತೀರದಿದ್ದರೆ 40 ವರ್ಷ ಬೆನ್ನು ಬಿಡುವುದಿಲ್ಲ. ಇಲ್ಲಿ ಸಾಲವೇ ಇಲ್ಲ, ಆದರೂ ಡಿಗ್ರಿ ಪೂರ್ತಿ.

"ಕೆಲಸಕ್ಕೆ ಹೋದರೆ ಓದು ಹಿಂದೆ ಬೀಳಲ್ವಾ?" ಅಂತ ತಾಯಂದಿರು ಕೇಳುತ್ತಾರೆ. ಇದಕ್ಕೆ ನಮ್ಮ ತಂಡದ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ.

ಅವಳು ಬಂದಿದ್ದು ಹಣ ಪಾವತಿ ನೋಡಿಕೊಳ್ಳುವ ನಮ್ಮ ತಂಡಕ್ಕೆ. ಕಂಪನಿಗಳು ಸಂಬಳ ಹಾಕಲು ಫೈಲ್ ಕಳಿಸುತ್ತವಲ್ಲ, ಅಂಥ ಫೈಲುಗಳನ್ನು ಓದುವ ಪ್ರೋಗ್ರಾಂ ನಮ್ಮದು. ಒಂದು ದಿನ ಪರೀಕ್ಷೆಗೆ ಇಟ್ಟುಕೊಂಡಿದ್ದ ಫೈಲಿನಲ್ಲಿ ಕೆಲವು ಸಾಲುಗಳು ಮಾತ್ರ ತಿರಸ್ಕಾರವಾಗುತ್ತಿದ್ದವು. ಹಿಂದಿನ ವಾರ ಅದೇ ಫೈಲ್ ಸರಿಯಾಗಿ ಓಡಿತ್ತು. ಹಿರಿಯರೆಲ್ಲ ಪ್ರೋಗ್ರಾಂ ಒಳಗೆ ಹುಡುಕತೊಡಗಿದರು. ಯಾರು ಏನು ಬದಲಾಯಿಸಿದರು, ಯಾವಾಗ ಬದಲಾಯಿಸಿದರು, ಇದೇ ಚರ್ಚೆ. ಇವಳು ಪ್ರೋಗ್ರಾಂ ತಂಟೆಗೇ ಹೋಗಲಿಲ್ಲ. ತಿರಸ್ಕಾರವಾದ ಸಾಲುಗಳನ್ನು ಒಂದರ ಕೆಳಗೊಂದು ಬರೆದುಕೊಂಡು ನೋಡುತ್ತಾ ಕೂತಳು. ಇಲ್ಲಿನ ಬ್ಯಾಂಕ್ ಖಾತೆಯ ನಂಬರಿನಲ್ಲಿ ಎಂಟು ಅಂಕಿ ಇರಬೇಕು, ಅಲ್ವಾ? ಆ ಸಾಲುಗಳಲ್ಲಿ ಏಳೇ ಇದ್ದವು. ಹಳೆಯ ಪ್ರತಿ ತೆಗೆದು ಪಕ್ಕಕ್ಕಿಟ್ಟಳು. ಆ ಖಾತೆಗಳೆಲ್ಲ ಸೊನ್ನೆಯಿಂದ ಶುರುವಾಗುವಂಥವು! ಯಾರೋ ಆ ಫೈಲನ್ನು ಸುಮ್ನೆ ಒಮ್ಮೆ ಎಕ್ಸೆಲ್‌ನಲ್ಲಿ ತೆರೆದು, ನೋಡಿ, ಸೇವ್ ಮಾಡಿದ್ದರು. ಅದು ಖಾತೆ ನಂಬರನ್ನು ಲೆಕ್ಕದ ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆ ತೆಗೆದುಹಾಕಿತ್ತು.

"ಇದು ನಿನಗೆ ಹೇಗೆ ಹೊಳೆಯಿತು?" ಅಂತ ಕೇಳಿದೆ. ಅದೇ ವಾರ ಅವಳಿಗೆ ವಿಶ್ವವಿದ್ಯಾಲಯದಲ್ಲಿ ಡೇಟಾ ಟೈಪ್‌ಗಳ ಪಾಠ ಆಗಿತ್ತಂತೆ. ಕೂಡಿಸಿ ಕಳೆಯದ ಅಂಕಿಯನ್ನು ಸಂಖ್ಯೆಯಾಗಿ ಇಡಬೇಡಿ, ಅಕ್ಷರದ ಹಾಗೆ ಇಡಿ ಅಂತ ಮೇಷ್ಟ್ರು ಹೇಳಿದ್ದರಂತೆ. ನಾನು ಅದೇ ಪಾಠವನ್ನು ಬೋರ್ಡಿನಿಂದ ಕಾಪಿ ಮಾಡಿ, ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಅದು ಯಾವುದಕ್ಕೆ ಬೇಕು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಅವಳಿಗೆ ಒಂದೇ ವಾರದಲ್ಲಿ ಗೊತ್ತಾಯಿತು. ಫೈಲ್ ಒಳಗೆ ಬರುವಾಗಲೇ ಎಂಟು ಅಂಕಿ ಇದೆಯೇ ಅಂತ ನೋಡುವ ತಪಾಸಣೆಯನ್ನು ಅವಳೇ ಬರೆದಳು. ಅದು ಅವಳ ಪೋರ್ಟ್‌ಫೋಲಿಯೊಗೂ, ಅಂದರೆ ಮಾಡಿದ ಕೆಲಸಗಳ ಕಡತಕ್ಕೂ, ಹೋಯಿತು. ಕೊನೆಯ ಮೌಲ್ಯಮಾಪನದಲ್ಲಿ ಇಂಥ ಕೆಲಸಗಳನ್ನೇ ಮುಂದಿಟ್ಟು ಪ್ರಶ್ನೆ ಕೇಳುತ್ತಾರೆ. ಓದು ಹಿಂದೆ ಬೀಳುತ್ತಾ ಅಂತ ಕೇಳಿದ್ದಿರಲ್ಲ, ಈಗ ನೀವೇ ಹೇಳಿ.

ಮಾತು ಉದ್ದವಾಯಿತು, ಸಮಯ ಕಡಿಮೆ ಇದೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಸಾಫ್ಟ್‌ವೇರ್ ಒಂದೇ ಅಲ್ಲ, ಸೈಬರ್ ಸೆಕ್ಯುರಿಟಿ, ಡೇಟಾ, ನೆಟ್‌ವರ್ಕ್ ಕಡೆಗೂ ಹೋಗಬಹುದು. ಶ್ರಮ ಜಾಸ್ತಿ, ವಿಶ್ವವಿದ್ಯಾಲಯದವರ ಹಾಗೆ ಬೇಸಿಗೆಯಲ್ಲಿ ಮೂರು ತಿಂಗಳು ರಜೆ ಇರುವುದಿಲ್ಲ. ಮೈಸೂರಿನಲ್ಲಿರುವ ಅಕ್ಕನ ಮಗನನ್ನು ಕರೆಸಿ ಸೇರಿಸಬಹುದಾ ಅಂತ ತುಂಬ ಜನ ಕೇಳುತ್ತಾರೆ. ಆಗುವುದಿಲ್ಲ. ಸ್ಟೂಡೆಂಟ್ ವೀಸಾದವರಿಗೆ ಇದು ಇಲ್ಲ. ಸಾಮಾನ್ಯವಾಗಿ ಶುರುವಾಗುವ ಮೊದಲು ಮೂರು ವರ್ಷ ಇಲ್ಲೇ ವಾಸವಿರಬೇಕು, ಕೆಲಸ ಮಾಡುವ ಹಕ್ಕೂ ಇರಬೇಕು.

ಇನ್ನು ಅರ್ಜಿ. ಆಗಸ್ಟ್‌ನಲ್ಲಿ ಎ ಲೆವೆಲ್ ಫಲಿತಾಂಶ ಬರಲಿ, ಆಮೇಲೆ ನೋಡೋಣ ಅಂತ ದಯವಿಟ್ಟು ಕೂರಬೇಡಿ. ಅಷ್ಟರಲ್ಲಿ ಜಾಗ ತುಂಬಿರುತ್ತದೆ. ಇಯರ್ 13 ಶುರುವಾದ ಕೂಡಲೇ, ಸೆಪ್ಟೆಂಬರ್‌ನಿಂದಲೇ, ಬ್ಯಾಂಕುಗಳ ವೆಬ್‌ಸೈಟು ಮತ್ತು ಸರ್ಕಾರದ ಫೈಂಡ್ ಆನ್ ಅಪ್ರೆಂಟಿಸ್‌ಶಿಪ್ ಪುಟ ನೋಡುತ್ತಿರಿ. ಆನ್‌ಲೈನ್ ಪರೀಕ್ಷೆ, ವಿಡಿಯೊ ಸಂದರ್ಶನ, ಅಸೆಸ್‌ಮೆಂಟ್ ಸೆಂಟರ್ ಅನ್ನುವ ಕೊನೆಯ ಆಯ್ಕೆ ಸುತ್ತು, ಇಷ್ಟಕ್ಕೆ ಮಕ್ಕಳು ತಯಾರಿರಲಿ. ಮಾಮೂಲಿ ಡಿಗ್ರಿಗೆ ವಿಶ್ವವಿದ್ಯಾಲಯ ಸೇರುವ ಯೂಕ್ಯಾಸ್ ಅರ್ಜಿಯನ್ನೂ ಜೊತೆಗೇ ಹಾಕಲಿ, ಎರಡೂ ಒಟ್ಟಿಗೆ ನಡೆಯುತ್ತವೆ. ಆದರೆ ಮನೆಯಲ್ಲಿ ಎರಡನ್ನೂ ಇಟ್ಟುಕೊಂಡು ಯೋಚಿಸುವಾಗ "ಒಂದು ಡಿಗ್ರಿ, ಇನ್ನೊಂದು ಬರೀ ಕೆಲಸ" ಅನ್ನಬೇಡಿ. ಎರಡೂ ಡಿಗ್ರಿಯೇ. ನಮಸ್ಕಾರ.